ಸೌದೆ ಒಟ್ಟಿದ ಹಾಗೆ ಗೋಡೆ: ಕಾರ್ಡ್‌ವುಡ್ ಮನೆ ಕಟ್ಟಿ ಸಿಂಗರಿಸುವ ಬಗೆ

ಮರದ ಗಿಡ್ಡ ತುಂಡುಗಳನ್ನು ಗಾರೆಯಲ್ಲಿ ಅಡ್ಡಕ್ಕೆ ಒಟ್ಟಿ ಕಟ್ಟುವ ಗೋಡೆಗೆ ಕಾರ್ಡ್‌ವುಡ್ ಗೋಡೆ ಎನ್ನುತ್ತಾರೆ. ನಾನು ಕಟ್ಟಿದ ಅಂಥ ಮೊದಲ ಗೋಡೆಯನ್ನು ನಾನೇ ಬಿಚ್ಚಬೇಕಾಯಿತು. ಎಂಟಡಿಗೆ ಹತ್ತಡಿಯ ಸಾಮಾನಿನ ಕೋಣೆ ಅದು. ಮರ ಗಟ್ಟಿಯಾದಷ್ಟೂ ಗೋಡೆ ಗಟ್ಟಿ ಎಂದುಕೊಂಡು ಸಿಕ್ಕಿದ್ದರಲ್ಲಿ ಅತಿ ಭಾರದ ಮರವನ್ನೇ ಆರಿಸಿದ್ದೆ. ಮೂರು ವರ್ಷ ಒಣಗಿಸಿದ್ದೆ. ಚಾವಣಿ ಹಾಕುವ ಮೊದಲೇ ಗೋಡೆ ಏರಿಸಿದ್ದೆ. ಆಮೇಲೆ ಎರಡು ವಾರ ಬಿಡದೆ ಮಳೆ ಹಿಡಿಯಿತು. ಒಣಗಿ ಕೂತಿದ್ದ ತುಂಡುಗಳೆಲ್ಲ ನೀರು ಕುಡಿದು ಊದಿಕೊಂಡವು. ಗಾರೆ ಬಿರಿಯಿತು. ತೂಕದಗುಂಡು ಇಳಿಬಿಟ್ಟು ನೋಡಿದರೆ ಮೂಲೆಯ ಕಂಬ ಒಂದು ಅಂಗುಲ ಹೊರಕ್ಕೆ ಸರಿದಿತ್ತು.

ಬಿಚ್ಚುವಾಗ ಒಂದೊಂದು ತುಂಡನ್ನೂ ಕೈಯಲ್ಲಿ ಹಿಡಿದು ನೋಡಿದೆ. ಉದ್ದದಲ್ಲಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ, ದಪ್ಪ ಮಾತ್ರ ಹೆಚ್ಚಿತ್ತು. ಅಂದು ಅರ್ಥವಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಬಗೆಯ ಗೋಡೆಯಲ್ಲಿ ಮರದ ಕಡಿದ ಮುಖ ಎರಡೂ ಕಡೆ ಗಾಳಿಗೆ ತೆರೆದಿರುತ್ತದೆ. ಮರ ನೀರು ಕುಡಿಯುವುದು ಆ ಮುಖದಿಂದ, ಬಿಡುವುದೂ ಅದೇ ಮುಖದಿಂದ. ಯಾವ ಮರ ಆರಿಸಬೇಕು, ಗಾರೆಗೆ ಏನು ಬೆರೆಸಬೇಕು, ಸೂರು ಎಷ್ಟು ಚಾಚಬೇಕು, ಬಣ್ಣ ಬಳಿಯಬಹುದೇ ಬಾರದೇ, ಎಲ್ಲವನ್ನೂ ತೀರ್ಮಾನಿಸುವುದು ಈ ಒಂದು ಸಂಗತಿ.

ಗೋಡೆಯ ಒಳಗೆ ಏನಿರುತ್ತದೆ

ಸೌದೆ ಒಟ್ಟಿದ ರಾಶಿಯನ್ನು ಮುಂದಿನಿಂದ ನೋಡಿದರೆ ತುಂಡುಗಳ ದುಂಡು ಮುಖಗಳಷ್ಟೇ ಕಾಣುತ್ತವಲ್ಲ, ಕಾರ್ಡ್‌ವುಡ್ ಗೋಡೆಯೂ ಹಾಗೆಯೇ. ತುಂಡುಗಳು ಗೋಡೆಯ ಉದ್ದಕ್ಕೆ ಮಲಗುವುದಿಲ್ಲ, ಅಡ್ಡಕ್ಕೆ ಮಲಗುತ್ತವೆ. ಒಂದು ತುದಿ ಮನೆಯೊಳಗೆ, ಇನ್ನೊಂದು ಹೊರಗೆ. ತುಂಡಿನ ಉದ್ದವೇ ಗೋಡೆಯ ದಪ್ಪ. ಎಂಟು ಅಂಗುಲದಿಂದ ಎರಡು ಅಡಿಯವರೆಗೂ ಕಟ್ಟುತ್ತಾರೆ. ವಾಸದ ಮನೆಗೆ ಹದಿನಾರು ಅಂಗುಲ ಹದವಾದ ಅಳತೆ, ನಾನು ಕಟ್ಟಿರುವುದೂ ಅಷ್ಟೇ.

ಗಾರೆ ಗೋಡೆಯ ಪೂರ್ತಿ ದಪ್ಪಕ್ಕೆ ತುಂಬಿರುವುದಿಲ್ಲ. ಹದಿನಾರು ಅಂಗುಲದಲ್ಲಿ ಹೊರಗೆ ಐದು ಅಂಗುಲ ಗಾರೆಯ ಪಟ್ಟಿ, ಒಳಗೆ ಐದು ಅಂಗುಲ ಗಾರೆಯ ಪಟ್ಟಿ, ನಡುವಿನ ಆರು ಅಂಗುಲಕ್ಕೆ ಒಣ ಮರದ ಹೊಟ್ಟು. ಇದನ್ನು ಮೊದಲ ದಿನವೇ ಮನಸ್ಸಿಗೆ ತಂದುಕೊಳ್ಳಿ. ಗಾರೆ ಒಳಗಿನಿಂದ ಹೊರಗಿನವರೆಗೆ ಕೂಡಿಕೊಂಡರೆ ಆ ಜಾಗದಲ್ಲಿ ಬಿಸಿಯೂ ಚಳಿಯೂ ನೇರವಾಗಿ ದಾಟುತ್ತವೆ. ಹೊಟ್ಟು ಇದ್ದರೆ ಅಲ್ಲಿಗೇ ತಡೆ.

ಇದು ಹೊಸ ವಿದ್ಯೆ ಏನಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1884ರಲ್ಲಿ ಕಟ್ಟಿದ ಕ್ರೂಜಾ ಮನೆಯನ್ನು ಓಲ್ಡ್ ವರ್ಲ್ಡ್ ವಿಸ್ಕಾನ್ಸಿನ್ ಎಂಬ ಬಯಲು ವಸ್ತುಸಂಗ್ರಹಾಲಯಕ್ಕೆ ತಂದು ಉಳಿಸಿಕೊಂಡಿದ್ದಾರೆ. ಅದೇ ರಾಜ್ಯದ ಜೆನಿಂಗ್ಸ್‌ನಲ್ಲಿ 1899ರ ಒಂದು ಅಂಗಡಿ ಕಟ್ಟಡವೂ ಹೀಗೆ ಕಟ್ಟಿದ್ದೇ. ನೂರು ವರ್ಷ ದಾಟಿದ ಇಂಥ ಗೋಡೆಗಳಿವೆ ಎಂಬುದು ತಿಳಿದಿದ್ದರಿಂದಲೇ ಮೊದಲ ಸೋಲಿನ ನಂತರವೂ ನಾನು ಕೈಬಿಡಲಿಲ್ಲ. ಮರದಲ್ಲಿ ತಪ್ಪಿರಲಿಲ್ಲ, ನಾನು ಕಟ್ಟಿದ ರೀತಿಯಲ್ಲಿತ್ತು.

ಹಗುರ ಮರ, ತಾಳ್ಮೆ

ಹಗುರವಾದ, ಗಾಳಿ ತುಂಬಿದ ಮರ ಬೇಕು. ಸೀಡರ್, ಪೈನ್, ಸ್ಪ್ರೂಸ್, ಪಾಪ್ಲರ್ ಇಂಥವು. ಹಸಿ ಮರ ಪೂರ್ತಿ ಒಣಗುವಾಗ ಉಂಗುರಗಳ ಸುತ್ತಳತೆಯ ದಿಕ್ಕಿನಲ್ಲಿ ಬಿಳಿ ಓಕ್ ಸುಮಾರು ಶೇಕಡಾ 10ರಷ್ಟು ಕುಗ್ಗುತ್ತದೆ, ಬಿಳಿ ಸೀಡರ್ ಅದರ ಅರ್ಧದಷ್ಟು. ಕುಗ್ಗುವ ಮರ ನೆನೆದಾಗ ಅಷ್ಟೇ ಊದುತ್ತದೆ. ಭಾರದ ಮರ ಊದುವಾಗ ಅದರ ಬಲಕ್ಕೆ ಯಾವ ಗಾರೆಯೂ ಎದುರು ನಿಲ್ಲದು, ಕಂಬವೇ ಸರಿಯುತ್ತದೆ. ಹಗುರ ಮರಕ್ಕೆ ಇನ್ನೊಂದು ಗುಣವಿದೆ. ಅದರೊಳಗಿನ ಗಾಳಿಯೇ ಚಳಿ ಬಿಸಿಲುಗಳಿಗೆ ತಡೆ. ನಿಮ್ಮ ಸುತ್ತ ಭಾರದ ಮರವೇ ಸಿಗುವುದಾದರೆ ಸಣ್ಣದಾಗಿ ಸೀಳಿ ಬಳಸಬಹುದು. ಆದರೆ ಅದನ್ನು ನನ್ನ ಹಾಗೆ ಮೂರು ವರ್ಷ ಒಣಗಿಸಿ ಮೂಳೆ ಮಾಡಬೇಡಿ. ಸ್ವಲ್ಪ ಕುಗ್ಗಿ ಸಂದು ಬಿಟ್ಟರೆ ಆಮೇಲೆ ಮುಚ್ಚಬಹುದು, ಊದಿ ಗೋಡೆ ಒಡೆದರೆ ಬಿಚ್ಚುವುದೊಂದೇ ದಾರಿ.

ತೊಗಟೆ ಪೂರ್ತಿ ತೆಗೆಯಬೇಕು, ಇದರಲ್ಲಿ ರಿಯಾಯಿತಿ ಬೇಡ. ತೊಗಟೆಯ ಅಡಿಯಲ್ಲೇ ಹುಳ ಮನೆ ಮಾಡುವುದು, ತೇವ ನಿಲ್ಲುವುದು, ಕೊಳೆ ಶುರುವಾಗುವುದು. ಮರಕ್ಕೆ ರಸ ಏರುವ ಕಾಲದಲ್ಲಿ ಕಡಿದಿದ್ದರೆ ಉದ್ದುದ್ದ ಪಟ್ಟಿಯಾಗಿ ಸುಲಿದು ಬರುತ್ತದೆ. ಬೇರೆ ಕಾಲದಲ್ಲಿ ಕಡಿದದ್ದಾದರೆ ಉಳಿ ಹಾಕಿ ಕೆತ್ತಿಯೇ ತೆಗೆಯಬೇಕು, ಕೈ ಸೋಲುತ್ತದೆ.

ತೊಗಟೆ ತೆಗೆದ ಮೇಲೆ ಗೋಡೆಯ ದಪ್ಪಕ್ಕೇ ಕತ್ತರಿಸಿ ಒಣಗಲು ಬಿಡಿ. ಉದ್ದ ದಿಮ್ಮಿಯಾಗಿಯೇ ಒಟ್ಟಿಟ್ಟರೆ ವರ್ಷ ಕಳೆದರೂ ನಡುಭಾಗ ಹಸಿಯಾಗಿಯೇ ಇರುತ್ತದೆ. ಕಡಿದ ಮುಖದಿಂದ ತೇವ ಹೋಗುವ ವೇಗ ಮಗ್ಗುಲಿನಿಂದ ಹೋಗುವುದಕ್ಕಿಂತ ಹತ್ತು ಪಟ್ಟಾದರೂ ಹೆಚ್ಚು. ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಂದೇ ಸಾಲಾಗಿ ಒಟ್ಟಿ, ಮೇಲೆ ಮಾತ್ರ ಹೊದಿಕೆ ಹಾಕಿ. ಪಕ್ಕಗಳು ತೆರೆದಿರಲಿ, ಗಾಳಿ ಆಡಲಿ. ಹಗುರ ಮರಕ್ಕೆ ಒಂದು ವರ್ಷ ಸಾಕು. ಐದಾರು ಅಂಗುಲಕ್ಕಿಂತ ದಪ್ಪದ್ದನ್ನು ಹೆಚ್ಚಿನ ಪಾಲು ಸೀಳಿಬಿಡಿ. ದುಂಡು ತುಂಡು ಒಣಗುವಾಗ ನಡುವಿನಿಂದ ಅಂಚಿನವರೆಗೆ ಒಂದು ದೊಡ್ಡ ಬಿರುಕು ಬಿಡುತ್ತದೆ, ಆ ಬಿರುಕು ಗೋಡೆಯ ಒಳಗಿನಿಂದ ಹೊರಗಿನವರೆಗೆ ಗಾಳಿಗೆ ಕೊಳವೆಯಾಗುತ್ತದೆ. ಸೀಳಿದ ತುಂಡಿಗೆ ಆ ಕಾಟ ಕಡಿಮೆ. ಆದರೂ ಕಣ್ಣಿಗೆ ಚೆಂದ ಎಂದು ಕೆಲವು ದೊಡ್ಡ ದುಂಡುಗಳನ್ನು ಉಳಿಸಿಕೊಳ್ಳಿ. ಅವುಗಳ ಮಾತು ಮುಂದೆ ಬರುತ್ತದೆ.

ಎಷ್ಟು ಬೇಕು? ನನ್ನ ಎರಡನೇ ಕಟ್ಟಡ ಹತ್ತಡಿಗೆ ಹನ್ನೆರಡಡಿಯ ಓದುವ ಕೋಣೆ. ಸುತ್ತಳತೆ 44 ಅಡಿ, ಎತ್ತರ 7 ಅಡಿ, ಒಟ್ಟು 308 ಚದರಡಿ. ಬಾಗಿಲು, ಎರಡು ಕಿಟಕಿ ಸೇರಿ 45 ಚದರಡಿ ಕಳೆದರೆ ಉಳಿದದ್ದು 263. ಇಷ್ಟೇ ಮುಖದ ಸೌದೆ ರಾಶಿ, ಅಂದರೆ ನಾಲ್ಕಡಿ ಎತ್ತರಕ್ಕೆ ಒಟ್ಟಿದರೆ ಸುಮಾರು 66 ಅಡಿ ಉದ್ದದ ಸಾಲು ಸಿದ್ಧ ಮಾಡಿಕೊಂಡೆ. ಗಾರೆಯ ಸಂದುಗಳು ರಾಶಿಯ ಸಂದುಗಳಿಗಿಂತ ಅಗಲ, ಹಾಗಾಗಿ ಒಂದಿಷ್ಟು ಮಿಕ್ಕುತ್ತದೆ. ಮಿಗಲೇಬೇಕು. ಕೊನೆಗೆ ಆರಿಸಿಕೊಳ್ಳಲು ಆಯ್ಕೆ ಇರಬೇಕಲ್ಲ.

ಚಾವಣಿ ಮೊದಲು, ಗೋಡೆ ಆಮೇಲೆ

ಕಾರ್ಡ್‌ವುಡ್ ಗೋಡೆ ಭಾರ ಹೊರಬಲ್ಲದು. ದುಂಡು ಮನೆಗಳಲ್ಲಿ ಹೊರುತ್ತದೆ ಕೂಡ. ಆದರೂ ಮೊದಲ ಸಲ ಕೈಹಾಕುವವರಿಗೆ ನಾನು ಹೇಳುವುದು ಒಂದೇ: ಕಂಬ ನಿಲ್ಲಿಸಿ, ತೊಲೆ ಏರಿಸಿ, ಚಾವಣಿ ಮುಗಿಸಿ, ಆಮೇಲೆ ಅದರ ನೆರಳಲ್ಲಿ ಕೂತು ಗೋಡೆ ತುಂಬಿ. ಚಾವಣಿಯ ಭಾರ ಚೌಕಟ್ಟಿನ ಪಾಲಾದರೆ ಗೋಡೆ ತನ್ನ ಭಾರ ತಾನು ಹೊತ್ತರೆ ಸಾಕು. ಮಳೆ ಬಂದರೆ ಕೆಲಸ ನಿಲ್ಲಿಸಬೇಕಿಲ್ಲ, ಬಿಸಿಲಿಗೆ ಗಾರೆ ಬೇಗ ಆರಿ ಬಿರಿಯುವುದೂ ಇಲ್ಲ. ಚೌಕಟ್ಟಿನ ನಕ್ಷೆಯನ್ನು ಎಂಜಿನಿಯರ್ ಒಬ್ಬರಿಗೆ ತೋರಿಸಿ, ಕಟ್ಟಡ ಪರವಾನಗಿಗೂ ಆ ನಕ್ಷೆಯೇ ಬೇಕಾಗುತ್ತದೆ.

ಪಾಯ ನೆಲದಿಂದ ಒಂದು ಅಡಿಯಾದರೂ ಮೇಲೆದ್ದಿರಲಿ. ಮಳೆಹನಿ ನೆಲಕ್ಕೆ ಬಿದ್ದು ಸಿಡಿದು ಗೋಡೆಯ ಬುಡಕ್ಕೆ ಹೊಡೆಯುತ್ತದೆ, ಅತಿ ಹೆಚ್ಚು ನೆನೆಯುವುದು ಅದೇ ಜಾಗ. ಮೊದಲ ವರಸೆ ಕೂರುವ ಜಾಗದಲ್ಲಿ ನೆಲದ ತೇವ ಮೇಲೇರದಂತೆ ತಡೆಪದರ ಹಾಕಿ. ಗೆದ್ದಲು ಇರುವ ನೆಲವಾದರೆ ಪಾಯದ ಮೇಲೆ ತಗಡಿನ ಅಂಚನ್ನು ಹೊರಕ್ಕೆ ಬಾಗಿಸಿ ಕೂರಿಸಿ. ಗೆದ್ದಲಿನ ಮಣ್ಣಿನ ದಾರಿ ಆ ಅಂಚನ್ನು ಸುತ್ತಿ ಬರಬೇಕಾಗುತ್ತದೆ, ಆಗ ನಮ್ಮ ಕಣ್ಣಿಗೆ ಬೀಳುತ್ತದೆ. ಸೂರು ಒಂದೂವರೆ ಅಡಿ ಚಾಚಿರಲಿ, ಎರಡಡಿಯಾದರೆ ಇನ್ನೂ ಒಳ್ಳೆಯದು.

ಕಂಬದ ಮಗ್ಗುಲಿಗೂ ಕಿಟಕಿ ಬಾಗಿಲುಗಳ ಚೌಕಟ್ಟಿನ ಮಗ್ಗುಲಿಗೂ ಗೋಡೆಯ ನಡುಭಾಗಕ್ಕೆ ಸರಿಯಾಗಿ ಒಂದು ರೀಪರ್ ಪಟ್ಟಿಯನ್ನು ನೆಟ್ಟಗೆ ಹೊಡೆಯಿರಿ. ಎರಡೂ ಬದಿಯ ಗಾರೆ ಆ ಪಟ್ಟಿಯ ಆಚೀಚೆ ಕಚ್ಚಿ ನಿಲ್ಲುತ್ತದೆ, ಗೋಡೆ ಕಂಬದಿಂದ ಜಾರುವುದಿಲ್ಲ. ಸ್ವಿಚ್ ಪೆಟ್ಟಿಗೆ, ತಂತಿ ಓಡುವ ಪೈಪು ಎಲ್ಲಿ ಬರಬೇಕೆಂದು ಈಗಲೇ ಗುರುತು ಹಾಕಿಕೊಳ್ಳಿ. ಕಟ್ಟಿದ ಮೇಲೆ ಈ ಗೋಡೆಯನ್ನು ಕೊರೆದು ಕಾಡಬಾರದು.

ಗಾರೆ

ಇಟ್ಟಿಗೆಗೆ ಕಲಸುವ ಗಾರೆ ಇಲ್ಲಿ ನಡೆಯದು. ಇಟ್ಟಿಗೆಯ ಸಂದು ಅರ್ಧ ಅಂಗುಲದ್ದು, ಇಲ್ಲಿ ಎರಡು ದುಂಡುಗಳ ನಡುವಿನ ಮೂಲೆ ಕೆಲವು ಕಡೆ ಮೂರು ಅಂಗುಲಕ್ಕೂ ಹಿಗ್ಗುತ್ತದೆ. ಅಷ್ಟು ದಪ್ಪದ ಗಾರೆ ಬೇಗ ಆರಿದರೆ ಕುಗ್ಗಿ ಸೀಳುತ್ತದೆ. ಅದು ನಿಧಾನವಾಗಿ ಆರಬೇಕು. ಅದಕ್ಕೇ ಗಾರೆಯೊಳಗೆ ನೆನೆಸಿದ ಮರದ ಹೊಟ್ಟು ಬೆರೆಸುತ್ತಾರೆ. ಹೊಟ್ಟು ಹಿಡಿದಿಟ್ಟ ನೀರನ್ನು ದಿನಗಟ್ಟಲೆ ಗಾರೆಗೆ ಸ್ವಲ್ಪಸ್ವಲ್ಪವೇ ಉಣಿಸುತ್ತದೆ.

ನಾನು ಬಳಸುವುದು ನ್ಯೂಯಾರ್ಕ್ ರಾಜ್ಯದ ರಾಬ್ ರಾಯ್ ದಶಕಗಳ ಕಾಲ ಕಲಿಸಿ ಎಲ್ಲೆಡೆ ಹಬ್ಬಿಸಿದ ಅಳತೆ: 9 ಪಾಲು ನುಣುಪು ಮರಳು, 3 ಪಾಲು ನೆನೆಸಿದ ಹೊಟ್ಟು, 3 ಪಾಲು ಅರಳಿಸಿದ ಸುಣ್ಣದ ಪುಡಿ, 2 ಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟ್. ತೂಕದಲ್ಲಿ ಅಲ್ಲ, ಅಳತೆಯಲ್ಲಿ. ಸಲಿಕೆ ಬೇಡ, ಒಂದೇ ಡಬ್ಬಿಯಲ್ಲಿ ಅಳೆಯಿರಿ. ಸಲಿಕೆಗೆ ಸುಣ್ಣ ಒಮ್ಮೆ ಗುಡ್ಡೆಯಾಗಿ ನಿಲ್ಲುತ್ತದೆ, ಒಮ್ಮೆ ಜಾರುತ್ತದೆ.

ಸುಣ್ಣ ಕಟ್ಟಡದ ಸುಣ್ಣವೇ ಆಗಿರಬೇಕು. ಹೊಲಕ್ಕೆ ಹಾಕುವ ಸುಣ್ಣ ಗಟ್ಟಿಯಾಗುವುದೇ ಇಲ್ಲ. ಹೊಟ್ಟು ಹಗುರ ಮರದ್ದಾಗಿರಲಿ, ಅರ್ಧ ಅಂಗುಲದ ಜಾಲರಿಯಲ್ಲಿ ಸೋಸಿ ಚಕ್ಕೆಗಳನ್ನು ಬೇರ್ಪಡಿಸಿ. ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ನೆನೆಸಲು ಹಾಕಿ ಮಧ್ಯಾಹ್ನ ಕಲಸಿದರೆ ಹೊಟ್ಟು ಗಾರೆಯ ನೀರನ್ನೇ ಹೀರಿ ಕೆಡಿಸುತ್ತದೆ. ಭಾರದ ಮರದ ಹೊಟ್ಟಾಗಲಿ ಹತ್ತರಿಯ ಸುರುಳಿಗಳಾಗಲಿ ಈ ಕೆಲಸಕ್ಕೆ ಬಾರವು.

ಮೊದಲು ಒಣಗಿಯೇ ಚೆನ್ನಾಗಿ ಬೆರೆಸಿ, ಆಮೇಲೆ ನೀರು. ಹೊಟ್ಟಿನಲ್ಲೇ ನೀರಿರುವುದರಿಂದ ಬೇಕಾಗುವುದು ಸ್ವಲ್ಪ, ಚೊಂಬಿನಿಂದ ಎರಚುತ್ತಾ ಹೋಗಿ. ಹದ ನೋಡುವ ಬಗೆ ಇದು: ಮುಷ್ಟಿಯಲ್ಲಿ ಉಂಡೆ ಕಟ್ಟಿ ಎರಡು ಮೂರು ಅಡಿ ಮೇಲಕ್ಕೆ ಎಸೆದು ಹಿಡಿಯಿರಿ. ಒಡೆದು ಪುಡಿಯಾದರೆ ನೀರು ಸಾಲದು, ಅಂಗೈಯಲ್ಲಿ ಪಚಕ್ಕೆಂದು ಚಪ್ಪಟೆಯಾದರೆ ಹೆಚ್ಚಾಯಿತು. ಉಂಡೆ ಉಂಡೆಯಾಗಿಯೇ ಕೂತರೆ ಹದ ಬಂತು.

ರಬ್ಬರ್ ಕೈಗವಸು ಇಲ್ಲದೆ ಗಾರೆ ಮುಟ್ಟಬೇಡಿ. ಸುಣ್ಣ, ಸಿಮೆಂಟ್ ಎರಡೂ ಚರ್ಮ ಸುಡುತ್ತವೆ, ಆಗಲೇ ಉರಿಯುವುದಿಲ್ಲ, ಸಂಜೆಗೆ ಗೊತ್ತಾಗುತ್ತದೆ. ಒಣಪುಡಿ ಸುರಿಯುವಾಗ ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ.

ನಡುವಿನ ಹೊಟ್ಟಿನ ಅಳತೆ ಬೇರೆ: 12 ಪಾಲು ಒಣ ಹೊಟ್ಟಿಗೆ 1 ಪಾಲು ಸುಣ್ಣ. ಸುಣ್ಣ ಹುಳವನ್ನು ದೂರ ಇಡುತ್ತದೆ. ಎಲ್ಲಾದರೂ ನೀರು ಇಳಿದರೆ ಆ ಹೊಟ್ಟು ಕೊಳೆಯದೆ ಹೆಪ್ಪುಗಟ್ಟಿ ನಿಲ್ಲುತ್ತದೆ.

ತುಂಡು ಕೂರಿಸುವುದು

ಪಾಯದ ಮೇಲೆ ಎರಡು ಗಾರೆಯ ಪಟ್ಟಿ ಎಳೆಯಿರಿ, ಒಳಗೊಂದು ಹೊರಗೊಂದು, ತಲಾ ಐದು ಅಂಗುಲ ಅಗಲ, ಒಂದು ಅಂಗುಲ ದಪ್ಪ. ನಡುವೆ ಹೊಟ್ಟು ಸುರಿದು ಗಾರೆಯ ಮಟ್ಟಕ್ಕೆ ತನ್ನಿ. ಅದರ ಮೇಲೆ ತುಂಡು ಇಟ್ಟು ಹಿಂದೆ ಮುಂದೆ ಸ್ವಲ್ಪ ಅಲುಗಾಡಿಸಿ ಒತ್ತಿ, ಗಾರೆ ಅದನ್ನು ಕಚ್ಚಿದ್ದು ಕೈಗೇ ತಿಳಿಯುತ್ತದೆ. ಮುಂದಿನ ತುಂಡಿಗೂ ಇದಕ್ಕೂ ಮುಕ್ಕಾಲು ಅಂಗುಲದಿಂದ ಒಂದು ಅಂಗುಲ ಅಂತರ. ಮರಕ್ಕೆ ಮರ ತಾಗಲೇಬಾರದು. ತಾಗಿದ ಜಾಗಕ್ಕೆ ಗಾರೆ ಹೋಗುವುದಿಲ್ಲ, ಅಲ್ಲಿಂದ ಗಾಳಿ ನುಗ್ಗುತ್ತದೆ.

ಒಂದು ಸಾಲಾದ ಮೇಲೆ ಗಾರೆ ಮೊದಲು, ಹೊಟ್ಟು ಆಮೇಲೆ, ತುಂಡು ಕೊನೆಗೆ. ಈ ಸರದಿ ಬಾಯಿಪಾಠವಾಗಲಿ. ಹೊಟ್ಟು ಮೊದಲು ಸುರಿದರೆ ಮರದ ಮೇಲೆಲ್ಲ ಹರಡಿ ಗಾರೆಗೂ ಮರಕ್ಕೂ ನಡುವೆ ಕೂತುಬಿಡುತ್ತದೆ, ಗಾರೆ ಹಿಡಿಯುವುದಿಲ್ಲ.

ಎರಡನೇ ಸಾಲಿನಿಂದ ಕೆಲಸದ ರುಚಿ ಬೇರೆಯೇ. ಎರಡು ದುಂಡುಗಳ ನಡುವೆ ಒಂದು ತಗ್ಗು ಮೂಡುತ್ತದೆ. ಕೈಯಲ್ಲಿ ತುಂಡು ಹಿಡಿದು ಅದಕ್ಕೆ ಜಾಗ ಹುಡುಕಬೇಡಿ. ಮೊದಲು ತಗ್ಗನ್ನು ನೋಡಿ, ಆಮೇಲೆ ರಾಶಿಯ ಕಡೆ ತಿರುಗಿ. ಅಕ್ಕ ಇದರಲ್ಲಿ ನನಗಿಂತ ಚುರುಕು. ನಾನು ಗಾರೆ ಹರಡುತ್ತಿದ್ದರೆ ಅವಳು ರಾಶಿಯ ಹತ್ತಿರ ನಿಂತು, "ಏನೋ ಬೇಕು ಅಂತ ಹೇಳಬೇಡ, ಎಂಥ ಗುಳಿ ಅಂತ ಹೇಳು" ಎನ್ನುತ್ತಿದ್ದಳು. "ಅಗಲದ್ದು, ಎಡಕ್ಕೆ ವಾಲಿದೆ" ಎಂದರೆ ಸಾಕು, ಅವಳು ತಂದ ತುಂಡು ಎರಡನೇ ಮಾತಿಲ್ಲದೆ ಕೂರುತ್ತಿತ್ತು.

ಎಲ್ಲರೂ ಮಾಡುವ ತಪ್ಪೊಂದಿದೆ. ದೊಡ್ಡ ತುಂಡು ಇಟ್ಟರೆ ಗೋಡೆ ಬೇಗ ಏರುತ್ತದೆ ಎಂದು ಮೊದಲ ಎರಡು ದಿನದಲ್ಲೇ ದೊಡ್ಡವನ್ನೆಲ್ಲ ಖರ್ಚು ಮಾಡುವುದು. ಗೋಡೆ ಕೆಳಗೆ ಭಾರ, ಮೇಲೆ ಪುಡಿಪುಡಿ ಕಾಣುತ್ತದೆ. ರಾಶಿಯಲ್ಲಿ ದೊಡ್ಡ, ನಡು, ಸಣ್ಣ ಎಷ್ಟೆಷ್ಟಿವೆಯೋ ಗೋಡೆಯ ಒಂದೊಂದು ಚದರಗಜದಲ್ಲೂ ಅದೇ ಪಾಲಿನಲ್ಲಿ ಬರಬೇಕು. ತೀರಾ ಸಣ್ಣವನ್ನು ಎತ್ತಿಡಿ, ತೊಲೆಯ ಅಡಿ ಕೊನೆಯ ಸಂದು ಮುಚ್ಚುವಾಗ ಅವೇ ಬೇಕು.

ಕತ್ತರಿಸುವಾಗ ಉದ್ದದಲ್ಲಿ ಕಾಲು ಅಂಗುಲ ಹೆಚ್ಚು ಕಡಿಮೆ ಆಗಿಯೇ ಇರುತ್ತದೆ. ಎರಡೂ ಮುಖ ನೇರ ಬರಬೇಕೆಂದು ಹಟ ಬೇಡ. ನಿಮ್ಮ ಕಣ್ಣಿಗೆ ದಿನವೂ ಬೀಳುವ ಒಳಮುಖವನ್ನು ದಾರ ಕಟ್ಟಿ, ತೂಕದಗುಂಡು ಹಿಡಿದು ನೇರ ಮಾಡಿ. ವ್ಯತ್ಯಾಸ ಹೊರಮುಖಕ್ಕೆ ಹೋಗಲಿ.

ಇಬ್ಬರು ಹೊಸಬರು ದಿನಕ್ಕೆ ಹದಿನೈದು ಇಪ್ಪತ್ತು ಚದರಡಿ ಮುಗಿಸಿದರೆ ಒಳ್ಳೆಯ ಕೆಲಸವೇ. ಒಂದೇ ಜಾಗದಲ್ಲಿ ದಿನಕ್ಕೆ ಎರಡು ಮೂರು ಅಡಿಗಿಂತ ಎತ್ತರಕ್ಕೆ ಹೋಗಬೇಡಿ, ಕೆಳಗಿನ ಹಸಿ ಗಾರೆ ಭಾರಕ್ಕೆ ಉಬ್ಬುತ್ತದೆ. ಸಂಜೆ ಬಿಡುವಾಗ ಅಂಚನ್ನು ಮೆಟ್ಟಿಲಿನ ಹಾಗೆ ಇಳಿಜಾರಾಗಿ ಬಿಡಿ, ಮೇಲಿನ ಗಾರೆ ಒರಟಾಗಿಯೇ ಇರಲಿ. ನಾಳೆಯ ಗಾರೆ ಅದಕ್ಕೆ ಕಚ್ಚಬೇಕು.

ಸಂದು ತೀಡುವುದು

ಅವಸರ ಮಾಡುವವರು ಬಿಟ್ಟುಬಿಡುವ ಕೆಲಸ ಇದು. ಗೋಡೆಯ ಅಂದ ನಿಂತಿರುವುದೂ ಇದರ ಮೇಲೆಯೇ, ಬಾಳಿಕೆಯ ದೊಡ್ಡ ಪಾಲೂ ಇದರದ್ದೇ. ಮೇಸ್ತ್ರಿಗಳು ಪಾಯಿಂಟಿಂಗ್ ಎನ್ನುತ್ತಾರೆ. ತುಂಡು ಕೂರಿಸಿ ಎರಡು ಮೂರು ಗಂಟೆಯಾದ ಮೇಲೆ, ಹೆಬ್ಬೆರಳಿನಿಂದ ಒತ್ತಿದರೆ ಗುರುತು ಬೀಳಬೇಕು, ಗಾರೆ ಅಂಟಬಾರದು. ಆಗ ಶುರು ಮಾಡಿ. ಮೊಂಡು ಚಾಕುವಿನ ತುದಿಯ ಒಂದೂವರೆ ಅಂಗುಲವನ್ನು ಸ್ವಲ್ಪ ಮೇಲಕ್ಕೆ ಬಗ್ಗಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಕರಣೆ ಈ ಕೆಲಸಕ್ಕಿಲ್ಲ.

ಬರಿದೆ ಸವರುವುದಲ್ಲ, ಬಲವಾಗಿ ಒತ್ತಿ ಎಳೆಯಬೇಕು. ಒತ್ತಿದಾಗ ಗಾರೆ ಮರದ ಸುತ್ತ ಬಿಗಿಯಾಗುತ್ತದೆ, ಮೇಲ್ಮೈ ಮುಚ್ಚಿಕೊಂಡು ನೀರು ತಡೆಯುತ್ತದೆ. ಮರದ ಮುಖಕ್ಕಿಂತ ಗಾರೆ ಕಾಲು ಅಂಗುಲ ಒಳಗಿರಲಿ. ಆ ಕಾಲು ಅಂಗುಲದಿಂದಲೇ ಒಂದೊಂದು ತುಂಡೂ ಗೋಡೆಯಿಂದ ಎದ್ದು ಕಾಣುವುದು. ಹೊರಮುಖದಲ್ಲಿ ತುಂಡಿನ ಮೇಲಂಚಿಗೆ ತಾಗುವ ಗಾರೆಯನ್ನು ಸ್ವಲ್ಪ ಹೊರಕ್ಕೆ ಇಳಿಜಾರು ಮಾಡಿ, ನೀರು ನಿಲ್ಲದೆ ಜಾರಿ ಹೋಗಲಿ.

ನನ್ನ ಗೋಡೆಯಲ್ಲಿ ಅಕ್ಕ ತೀಡಿದ ಜಾಗ ಯಾವುದು, ನಾನು ತೀಡಿದ್ದು ಯಾವುದು ಎಂದು ಇವತ್ತೂ ಕೈಯಾಡಿಸಿ ಹೇಳಬಲ್ಲೆ. ಅವಳದ್ದು ನದಿಯ ಕಲ್ಲಿನಷ್ಟು ನುಣುಪು. ಒಂದೇ ಕೋಣೆಯಲ್ಲಿ ಎರಡು ಕೈಬರಹ ಇರುವುದು ನನಗೆ ಇಷ್ಟ. ಆದರೆ ಒಂದೇ ಥರ ಬೇಕೆನ್ನುವವರು ತೀಡುವ ಕೆಲಸವನ್ನು ಒಬ್ಬರಿಗೇ ವಹಿಸಿ.

ಮುಗಿದ ಭಾಗಕ್ಕೆ ಒದ್ದೆ ಗೋಣಿತಾಟು ಇಳಿಬಿಟ್ಟು ಮೂರು ನಾಲ್ಕು ದಿನ ತೇವವಾಗಿಡಿ. ತಾಟು ಗಾರೆಗೆ ನೆರಳಾಗಿರಲಿ, ನೀರು ಸುರಿದು ಮರವನ್ನು ತೋಯಿಸಬೇಡಿ. ಹಿಮ ಬೀಳುವ ದಿನಗಳಲ್ಲಿ ಈ ಕೆಲಸವೇ ಬೇಡ. ಮರದ ಮುಖಕ್ಕೆ ಮೆತ್ತಿದ ಗಾರೆಯನ್ನು ಮರುದಿನ ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ವಾರ ಬಿಟ್ಟರೆ ಅದು ಬಿಡುವುದಿಲ್ಲ.

ಬಾಟಲಿ, ಬೆಳಕು, ಅಂದ

ಈ ಗೋಡೆಯನ್ನು ಸಿಂಗರಿಸುವುದು ಕಟ್ಟಿದ ಮೇಲಲ್ಲ, ಕಟ್ಟುತ್ತಾ. ಮೊದಲೇ ಯೋಚಿಸದಿದ್ದರೆ ಆಮೇಲೆ ಜಾಗವೇ ಇರುವುದಿಲ್ಲ.

ನನಗೆ ಅತಿ ಪ್ರಿಯವಾದದ್ದು ಬಾಟಲಿ. ಗೋಡೆಯ ದಪ್ಪ ಹದಿನಾರು ಅಂಗುಲವಾದ್ದರಿಂದ ಒಂದು ಬಾಟಲಿ ಸಾಲದು. ಎರಡು ಬಾಟಲಿ ತೆಗೆದುಕೊಂಡು ಟೈಲ್ಸ್ ಕತ್ತರಿಸುವ ನೀರಿನ ಗರಗಸದಲ್ಲಿ ಕುತ್ತಿಗೆ ತೆಗೆಯಿರಿ, ತಳದಿಂದ ಎಂಟೆಂಟು ಅಂಗುಲ ಉಳಿಯಲಿ. ಚೆನ್ನಾಗಿ ತೊಳೆದು ಎರಡು ಮೂರು ದಿನ ಬಿಸಿಲಲ್ಲಿ ಬಾಯಿ ಕೆಳಗಾಗಿ ಒಣಗಿಸಿ. ಒಳಗೆ ಒಂದು ಹನಿ ಉಳಿದರೂ ಆಮೇಲೆ ಹಬೆಯಾಗಿ ಗಾಜಿಗೆ ಅಂಟುತ್ತದೆ, ಒರೆಸಲು ಕೈ ಹೋಗದು. ಎರಡರ ಬಾಯಿಗೆ ಬಾಯಿ ಜೋಡಿಸಿ, ಹೊಳೆಯುವ ತೆಳು ಅಲ್ಯೂಮಿನಿಯಂ ತಗಡನ್ನು ಸುತ್ತ ಕೊಳವೆಯಾಗಿ ಸುತ್ತಿ ಟೇಪು ಹಾಕಿ. ಬೆಳಕು ಸೋರದೆ ಒಳಕ್ಕೆ ಪ್ರತಿಫಲಿಸಿ ಬರುವುದು ಆ ತಗಡಿನಿಂದಲೇ. ಹೊರಕ್ಕೆ ಬಣ್ಣವಿಲ್ಲದ ಬಾಟಲಿ, ಒಳಕ್ಕೆ ನೀಲಿ, ಹಸಿರು, ಕಂದು. ಎರಡೂ ಕಡೆ ಬಣ್ಣದ್ದೇ ಹಾಕಿದರೆ ಬೆಳಕು ಕಳೆಗುಂದುತ್ತದೆ. ತುಂಡನ್ನು ಕೂರಿಸುವ ಹಾಗೆಯೇ ಗಾರೆಯಲ್ಲಿ ಕೂರಿಸಿ.

ಬಾಟಲಿ ಹಾಕುವುದು ಮೂಡು, ಪಡು ಗೋಡೆಗಳಲ್ಲಿ. ಇಳಿಬಿಸಿಲು ಅಡ್ಡಲಾಗಿ ಗಾಜಿನ ತಳಕ್ಕೆ ಬೀಳುವುದು ಅಲ್ಲಿ ಮಾತ್ರ. ಚಾಚಿದ ಸೂರು ಮೇಲಿನ ಎರಡಡಿಗೆ ನೆರಳು ಕಟ್ಟುತ್ತದೆ, ಆದ್ದರಿಂದ ಎದೆಮಟ್ಟದಿಂದ ಕೆಳಗೆ ಇಡಿ. ಎಲ್ಲೆಂದರಲ್ಲಿ ಚೆಲ್ಲಿದರೆ ಗೋಡೆಗೆ ಚುಕ್ಕಿ ಬಂದ ಹಾಗೆ ಕಾಣುತ್ತದೆ. ಆಗ ಹೇಳಿದೆನಲ್ಲ, ಎತ್ತಿಟ್ಟ ದೊಡ್ಡ ದುಂಡುಗಳು, ಅವುಗಳಲ್ಲಿ ಒಂದನ್ನು ನಡುವೆ ಇಟ್ಟು ಸುತ್ತ ಏಳು ಬಾಟಲಿ ಹೂವಿನ ಎಸಳಿನಂತೆ ಜೋಡಿಸಿ ನೋಡಿ. ಅಂಥ ಒಂದು ಹೂವು ಒಂದು ಗೋಡೆಗೆ ಸಾಕು. ಆಕಾರ ತಪ್ಪದಿರಲು ರಟ್ಟಿನ ಮೇಲೆ ನಿಜವಾದ ಅಳತೆಗೆ ಬರೆದು ಕತ್ತರಿಸಿ, ಕಟ್ಟುವಾಗ ಗೋಡೆಗೆ ಹಿಡಿದು ನೋಡುತ್ತಿರಿ.

ದೊಡ್ಡ ದುಂಡುಗಳ ಮುಖವನ್ನು ಕೂರಿಸುವ ಮೊದಲೇ ಮರಳುಕಾಗದದ ಯಂತ್ರದಿಂದ ಉಜ್ಜಿ. ಗರಗಸದ ಗೀರುಗಳ ಅಡಿಯಿಂದ ಉಂಗುರಗಳು ಎದ್ದು ಬರುತ್ತವೆ. ಎಲ್ಲ ತುಂಡುಗಳಿಗೂ ಮಾಡಬೇಕಿಲ್ಲ, ಹತ್ತರಲ್ಲಿ ಒಂದು ಮಿಂಚಿದರೆ ಉಳಿದ ಒಂಬತ್ತು ಅದಕ್ಕೆ ಹಿನ್ನೆಲೆಯಾಗುತ್ತವೆ. ಪುಸ್ತಕದ ಹಲಗೆ ಬೇಕೆಂದಿದ್ದರೆ ಆ ಮಟ್ಟದಲ್ಲಿ ಎರಡು ಮೂರು ತುಂಡುಗಳನ್ನು ಎಂಟು ಅಂಗುಲ ಉದ್ದ ಹೆಚ್ಚಿಟ್ಟು ಒಳಕ್ಕೆ ಚಾಚಿ ಬಿಡಿ, ಹಲಗೆ ಅದರ ಮೇಲೆ ಕೂರುತ್ತದೆ. ರಸಮಟ್ಟ ಇಟ್ಟು ನೋಡದೆ ಗಾರೆ ಆರಲು ಬಿಡಬೇಡಿ. ಹೊರಕ್ಕೆ ಮಾತ್ರ ಯಾವ ತುಂಡೂ ಚಾಚಬಾರದು, ಅದರ ಬೆನ್ನ ಮೇಲೆ ನೀರು ನಿಲ್ಲುತ್ತದೆ. ತೀಡುವಾಗ ಹಸಿ ಗಾರೆಗೆ ಚಿಪ್ಪು, ಬಣ್ಣದ ಕಲ್ಲು ಒತ್ತಬಹುದು, ಅರ್ಧಕ್ಕಿಂತ ಹೆಚ್ಚು ಭಾಗ ಗಾರೆಯೊಳಗೆ ಹೋಗಿರಲಿ.

ಇನ್ನೊಂದು ಮಾತನ್ನು ಅನುಭವದಿಂದ ಹೇಳುತ್ತೇನೆ. ಮರದ ಕಡಿದ ಮುಖ ಬೆಳಕನ್ನು ನುಂಗುತ್ತದೆ. ಸಣ್ಣ ಕೋಣೆಯ ನಾಲ್ಕೂ ಗೋಡೆ ಕಾರ್ಡ್‌ವುಡ್ ಆದರೆ ಮಧ್ಯಾಹ್ನವೂ ದೀಪ ಬೇಕಾಗಬಹುದು. ನನ್ನ ಓದುವ ಕೋಣೆಯಲ್ಲಿ ಒಂದು ಗೋಡೆಗೆ ಒಳಗಿನಿಂದ ಸುಣ್ಣದ ಗಿಲಾವು ಮಾಡಿ ಬೆಳ್ಳಗೆ ಬಿಟ್ಟಿದ್ದೇನೆ, ಉಳಿದ ಮೂರು ಗೋಡೆಗಳಿಗೆ ಅದೇ ಬೆಳಕು ಕೊಡುತ್ತದೆ. ಗಾರೆಗೆ ಬಿಳಿ ಮರಳು ಸಿಕ್ಕರೆ ಅದನ್ನೇ ಬಳಸಿ. ರಾತ್ರಿಯ ದೀಪವನ್ನು ಗೋಡೆಗೆ ಒಂದಡಿ ಹತ್ತಿರ, ಮೇಲಿನಿಂದ ಕೆಳಕ್ಕೆ ಬೀಳುವಂತೆ ಇಡಿ. ಆ ಕಾಲು ಅಂಗುಲದ ತಗ್ಗಿನಲ್ಲೆಲ್ಲ ನೆರಳು ಮೂಡಿ ಗೋಡೆ ಕೆತ್ತಿದಂತೆ ಕಾಣುತ್ತದೆ.

ವಾರ್ನಿಷ್ ಬೇಡ. ಬಣ್ಣವೂ ಬೇಡ. ಹೊರಮುಖಕ್ಕಂತೂ ಬೇಡವೇ ಬೇಡ. ಮಳೆಯಲ್ಲಿ ಕುಡಿದ ನೀರನ್ನು ಮರ ಬಿಸಿಲಲ್ಲಿ ಬಿಡಬೇಕು. ಮುಖ ಮುಚ್ಚಿದರೆ ಬೇರೆಲ್ಲಿಂದಲೋ ಹೊಕ್ಕ ತೇವ ಒಳಗೇ ಉಳಿದು ಕೊಳೆಯುತ್ತದೆ. ಹೊರಮುಖ ಬಿಸಿಲು ಮಳೆಗೆ ಬೂದುಬಣ್ಣಕ್ಕೆ ತಿರುಗುತ್ತದೆ, ತಿರುಗಲಿ. ಹುಳದ ಭಯವಿದ್ದರೆ ಕಟ್ಟುವ ಮೊದಲೇ ತುಂಡುಗಳನ್ನು ಬೋರಾಕ್ಸ್ ನೀರಿನಲ್ಲಿ ಅದ್ದಿ ಮತ್ತೆ ಒಣಗಿಸಿ, ಅದು ಮರದ ಉಸಿರು ಕಟ್ಟುವುದಿಲ್ಲ.

ಮೊದಲ ವರ್ಷ

ಎಷ್ಟು ಒಣಗಿಸಿದ್ದರೂ ಗೋಡೆಯಲ್ಲಿ ಕೂತ ಮೇಲೆ ಮರ ಇನ್ನೂ ಸ್ವಲ್ಪ ಕುಗ್ಗುತ್ತದೆ. ಕೆಲವು ತುಂಡುಗಳ ಸುತ್ತ ಕಾಗದ ತೂರುವಷ್ಟು ಸಂದು ಬಿಡುತ್ತದೆ, ಇಲ್ಲೊಂದು ಅಲ್ಲೊಂದು ಬೆರಳಿನಿಂದ ಅಲುಗಾಡಿಸಿದರೆ ತಿರುಗಲೂಬಹುದು. ಹೆದರಬೇಡಿ, ಮುಚ್ಚಲು ಆತುರವೂ ಬೇಡ. ಒಂದು ಮಳೆ, ಒಂದು ಚಳಿ, ಒಂದು ಬೇಸಿಗೆ ಕಳೆಯಲಿ. ನಾನು ಗಾಳಿ ಬಿರುಸಾದ ದಿನ ಊದುಬತ್ತಿ ಹಿಡಿದು ಗೋಡೆಯ ಉದ್ದಕ್ಕೂ ನಡೆದೆ. ಹೊಗೆ ಓರೆಯಾದಲ್ಲೆಲ್ಲ ಸೀಮೆಸುಣ್ಣದ ಗುರುತು. 263 ಚದರಡಿಯಲ್ಲಿ ನಲವತ್ತೊಂದು ಗುರುತು ಬಿದ್ದವು. ಹೆಚ್ಚಿನವು ನಾನು ಆಸೆಪಟ್ಟು ಸೀಳದೆ ಉಳಿಸಿಕೊಂಡ ದುಂಡುಗಳ ಸುತ್ತ.

ಸಂದುಗಳಿಗೆ ಮರದ ಮನೆಗಳಿಗೆಂದೇ ಬರುವ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲೆಂಟನ್ನು ತುಂಡಿನ ಸುತ್ತ ಎಳೆದು ಒದ್ದೆ ಚಾಕುವಿನಿಂದ ತೀಡಿ. ಸಿಮೆಂಟು ತುಂಬಿದರೆ ಮುಂದಿನ ವರ್ಷ ಮತ್ತೆ ಬಿಡುತ್ತದೆ. ದುಂಡಿನ ನಡುವಿನ ಅಗಲ ಬಿರುಕಿಗೆ ಮೊದಲು ನಾರಿನ ಹಗ್ಗ ತುರುಕಿ, ಒಳಮುಖದಲ್ಲಷ್ಟೇ ಸೀಲೆಂಟು ಹಾಕಿ. ಹೊರಗಿನ ಬಾಯಿ ತೆರೆದೇ ಇರಲಿ, ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಬೇಕು.